ನಾಲ್ಕು ಜನ, ಒಂದು ಡೊಳ್ಳು, ಅಡಿಕೆ ಗೋದಾಮು: ಬ್ಯಾಂಡಿಗೆ ಸ್ವಂತ ಸೌಂಡ್ ಎಲ್ಲಿಂದ ಬರುತ್ತೆ?

ಗೋಣಿಚೀಲ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಬೈಕೋಬೇಡಿ.

ನಾವು ನಾಲ್ಕು ಜನ ರಾಕ್ ಬ್ಯಾಂಡ್ ಅಂತ ಮಾಡ್ಕೊಂಡು ಎಂಟು ತಿಂಗಳಾಯ್ತು. ಹಾಡೋದು, ರಿದಮ್ ಗಿಟಾರ್ ನಾನು. ಲೀಡ್ ಗಿಟಾರ್ ಹುಡುಗ ಇಂಜಿನಿಯರಿಂಗ್ ಕೊನೇ ವರ್ಷ. ಬೇಸ್ ನುಡಿಸೋ ಅಣ್ಣ ಹಗಲೆಲ್ಲ ಮಂಡಿಯಲ್ಲಿ ಅಡಿಕೆ ಲೆಕ್ಕ ಬರೀತಾರೆ, ಸಂಜೆ ಮೇಲೆ ನಮ್ಮ ಕೈಗೆ ಸಿಗ್ತಾರೆ. ನಾಲ್ಕನೆಯವನು ಸಾಗರದ ಕಡೆಯವನು, ಅವನದು ಡೊಳ್ಳು. ಡ್ರಮ್ ಕಿಟ್‌ಗೆ ದುಡ್ಡಿರಲಿಲ್ಲ, ಇರೋ ಡೊಳ್ಳಲ್ಲೇ ಶುರು ಮಾಡಿದ್ವಿ. ಆಮೇಲೆ ಯಾರೋ ಬಿಟ್ಟುಹೋದ ಹಳೇ ಕಿಟ್ ಅಗ್ಗಕ್ಕೆ ಸಿಕ್ತು. ಈಗ ಎರಡನ್ನೂ ಅವನೇ ನೋಡ್ಕೋತಾನೆ. ಕಾಲಲ್ಲಿ ಕಿಕ್ ಡ್ರಮ್, ಎಡಗಡೆ ಸ್ಟೂಲ್ ಮೇಲೆ ಡೊಳ್ಳು.

ಪ್ರಾಕ್ಟೀಸ್ ಮಾಡೋದು ಬೇಸ್ ಅಣ್ಣನ ಮಾವನವರ ಗೋದಾಮಲ್ಲಿ, ಅಂಗಡಿ ಸಾಲೆಲ್ಲ ಬಾಗಿಲು ಹಾಕಿದ ಮೇಲೆ ಶಟರ್ ಎಳ್ಕೊಂಡು. ಅಡಿಕೆ ಮೂಟೆ ತುಂಬಿದ್ದಾಗ ಸೌಂಡ್ ಗಟ್ಟಿಯಾಗಿ, ಕಿವಿ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತೆ. ಮಾಲು ಹೋದ ವಾರ ಅದೇ ಹಾಡು ಖಾಲಿ ಕಲ್ಯಾಣ ಮಂಟಪದಲ್ಲಿ ಓಲಗ ಊದಿದ ಹಾಗೆ ಗುಂಯ್ ಅನ್ನುತ್ತೆ. ನಮ್ಮ ಸೌಂಡ್ ನಿಂತಿರೋದು ಅಡಿಕೆ ರೇಟಿನ ಮೇಲೆ ಅಂತ ನಾವೇ ತಮಾಷೆ ಮಾಡ್ಕೋತೀವಿ.

ಈಗ ವಿಷಯಕ್ಕೆ ಬರ್ತೀನಿ. ನಮ್ಮದೇ ಮೂರು ಹಾಡು ಇವೆ, ಮೂರೂ ಕನ್ನಡ. ಫೋನಲ್ಲಿ ರೆಕಾರ್ಡ್ ಮಾಡಿ ನಾಲ್ಕು ಜನಕ್ಕೆ ಕೇಳಿಸಿದೆ. ನಮ್ಮ ಅಕ್ಕ "ಸಿನಿಮಾ ಹಾಡಿನ ಹಾಗೇ ಇದೆ ಕಣೋ" ಅಂದ್ಲು, ಹೊಗಳಿಕೆ ಅಂದ್ಕೊಂಡೇ ಅಂದಿದ್ದು. ಲೀಡ್ ಹುಡುಗನ ಕ್ಲಾಸ್‌ಮೇಟ್ "ಇಂಗ್ಲಿಷ್ ಹಾಡಿಗೆ ಕನ್ನಡ ತುರುಕಿದೀರ" ಅಂದ. ಎರಡೂ ಒಟ್ಟಿಗೆ ನಿಜ ಆಗೋಕೆ ಸಾಧ್ಯ ಇಲ್ಲ, ಆದ್ರೆ ಎರಡೂ ನಾಟಿದವು.

ಸ್ವರಾತ್ಮ ಬ್ಯಾಂಡ್, ಹಾಡುಗಾರ ರಘು ದೀಕ್ಷಿತ್ ಇವರನ್ನೆಲ್ಲ ಕೇಳಿದ ತಕ್ಷಣ ಇದು ಅವರೇ ಅಂತ ಗೊತ್ತಾಗುತ್ತೆ. ಅದು ಹೇಗೆ ಬಂತು ಅವರಿಗೆ? ಕೂತು ನಿರ್ಧಾರ ಮಾಡಿದ್ರಾ, ತಾನಾಗೇ ಆಯ್ತಾ?

ಪಿಕ್ ಕಳಕೊಂಡವ (ಬೆಂಗಳೂರು)

ಗುರು, ಮೊದಲು ರೆಕಾರ್ಡಿಂಗ್ ಹಾಕು. ಕೇಳದೆ ಏನು ಹೇಳೋದು. ಮತ್ತೆ ಲೀಡ್ ಹುಡುಗನಿಗೆ ಗಿಟಾರ್ ಸೌಂಡ್ ಒರಟು ಮಾಡೋ ಒಂದು ಒಳ್ಳೆ ಡಿಸ್ಟಾರ್ಷನ್ ಪೆಡಲ್ ಕೊಡಿಸು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಹಳೇ ಕ್ಯಾಸೆಟ್ (ಬೆಂಗಳೂರು)

ಪೆಡಲ್‌ನಿಂದ ಸಮಸ್ಯೆ ಮುಗಿಯೋ ಹಾಗಿದ್ದಿದ್ರೆ ನನ್ನ ಅಟ್ಟದ ಮೇಲಿರೋ ಆರು ಪೆಡಲ್‌ಗೆ ನಾನೀಗ ದೊಡ್ಡ ಸ್ಟಾರ್ ಆಗಿರಬೇಕಿತ್ತು.

ಗೋಣಿಚೀಲ ಅವರೇ, ನಾನು ಕಂಡಿದ್ದನ್ನು ಹೇಳ್ತೀನಿ. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಬ್ಯಾಂಡ್ ಅಂದ್ರೆ ಬೇರೆಯವರ ಹಾಡು ನುಡಿಸೋರು ಅಂತಲೇ ಅರ್ಥ. ಮೂಲಕ್ಕೆ ಎಷ್ಟು ಹತ್ತಿರ ನುಡಿಸಿದ್ರೆ ಅಷ್ಟು ಚಪ್ಪಾಳೆ. ಸ್ವಂತ ಹಾಡು ಶುರು ಮಾಡಿದ್ರೆ ಜನ ಕಾಫಿ ಕುಡಿಯೋಕೆ ಎದ್ದು ಹೋಗೋರು. ಆಗಸ್ಟ್ 15ರ ಆಸುಪಾಸಲ್ಲಿ ಫ್ರೀಡಂ ಜ್ಯಾಮ್ ಅಂತ ನಡೀತಿತ್ತು, ಅಲ್ಲಿ ಮಾತ್ರ ಹೊಸಬರ ಸ್ವಂತ ಹಾಡಿಗೆ ನಿಂತು ಕೇಳೋ ಕಿವಿ ಸಿಗ್ತಿತ್ತು.

ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡ್ ಶುರುವಾಗಿದ್ದು 1996ರಲ್ಲಿ, ಕ್ರೈಸ್ಟ್ ಕಾಲೇಜಿನ ಹುಡುಗರು. ಹೆಸರೇ ಒಂದು ಕಾಲೇಜು ಜೋಕು. ಮೂರು ಜನ ಮಲಯಾಳಿಗಳು, ಇನ್ನೊಬ್ಬ ಕಾಲುಭಾಗ ಮಲಯಾಳಿ. 'ತ್ರೀ ಮಲ್' ಅನ್ನೋದು ಥರ್ಮಲ್ ಆಯ್ತು. ಬ್ರೂಸ್ ಲೀ ಮಣಿ ಗಿಟಾರ್ ಮತ್ತು ಹಾಡು, ರಾಜೀವ್ ರಾಜಗೋಪಾಲ್ ಡ್ರಮ್ಸ್. 2001ರಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಇಲ್ಲಿಗೆ ಬಂದಾಗ ಅವರಿಗಿಂತ ಮೊದಲು ವೇದಿಕೆ ಹತ್ತಿದವರು ಇವರು. ಹಾಡೋದು ಇಂಗ್ಲಿಷಲ್ಲಿ. ಆದ್ರೂ ತಮ್ಮದು 'ಬ್ಯಾಂಗಲೋರ್ ರಾಕ್' ಅಂತ ಹೇಳ್ಕೊಂಡ್ರು, ಅದು ಬರೀ ಬೋರ್ಡ್ ಅಲ್ಲ. ಜಾಜ್ ಸ್ವರಸಂಗತಿ, ಫಂಕ್ ಬೇಸ್, ಮಧ್ಯೆ ಕರ್ನಾಟಕ ಸಂಗೀತದ ಲೆಕ್ಕಾಚಾರ, ಎಲ್ಲ ಒಂದೇ ಹಾಡಲ್ಲಿ ಸಿಗ್ನಲ್ ಹಾರಿಸ್ಕೊಂಡು ನುಗ್ಗುತ್ತೆ. 2012ರಲ್ಲಿ ಮೂರು ಡಿಸ್ಕಿನ ಆಲ್ಬಂ ಮಾಡಿದ್ರು, ಹೆಸರು 'ತ್ರೀ ವೀಲ್ಸ್ ನೈನ್ ಲೈವ್ಸ್'. ಮೂರು ಚಕ್ರ ಅಂದ್ರೆ ಯಾವುದು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ಮೀಟರ್ ಮೇಲೆ ಒನ್ ಅಂಡ್ ಹಾಫ್' ಅಂತ ಹಾಡು ಕಟ್ಟಿದವರು. ರಾತ್ರಿ ಹತ್ತೂವರೆಗೆ ಮೆಜೆಸ್ಟಿಕ್‌ನಲ್ಲಿ ಆಟೋದವರ ಹತ್ತಿರ ಜಗಳ ಆಡದೇ ಇರೋನಿಗೆ ಅಂಥ ಹಾಡು ಹೊಳೆಯೋದೇ ಇಲ್ಲ.

ನಿಮ್ಮ ಪ್ರಶ್ನೆಗೆ ಬಂದ್ರೆ, ನಾನು ನೋಡಿದ ಯಾವ ಬ್ಯಾಂಡೂ ಕೂತು "ನಾಳೆಯಿಂದ ನಮ್ಮ ಸೌಂಡ್ ಇದು" ಅಂತ ತೀರ್ಮಾನ ಮಾಡ್ಲಿಲ್ಲ. ಹಾಗೆ ಮಾಡಿದವರು ಎರಡು ವರ್ಷ ಬಾಳಲಿಲ್ಲ.

ಡಬಲ್ ಪೆಡಲ್ (ಬೆಂಗಳೂರು)

ಬೈಗುಳ ಬೀಳುತ್ತೆ ಅಂತ ಗೊತ್ತು, ಆದ್ರೂ ಹೇಳ್ತೀನಿ. ಸ್ವರಾತ್ಮ, ರಘು ದೀಕ್ಷಿತ್ ಚೆನ್ನಾಗಿ ಮಾಡ್ತಾರೆ, ಆದ್ರೆ ಅದು ರಾಕ್ ಅಲ್ಲ. ಜಾನಪದಕ್ಕೆ ಗಿಟಾರ್ ಹಚ್ಚಿದ್ದು. ಬೆಂಗಳೂರಿನ ಬ್ಯಾಂಡ್ ಅಂದ್ರೆ ಕ್ರಿಪ್ಟೋಸ್. 1998ರಿಂದ ಹಳೇ ಕಾಲದ ಹೆವಿ ಮೆಟಲ್ ಬಿಟ್ಟು ಒಂದಿಂಚು ಆಚೆ ಈಚೆ ಹೋಗಿಲ್ಲ. 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿ ಬಂದ್ರು. ತಬಲಾ ಇಲ್ಲ, ಪಿಟೀಲು ಇಲ್ಲ, ಪಂಚೆ ಇಲ್ಲ. ಇಂಡಿಯಾದವರು ಅಂದ್ರೆ ಸಿತಾರ್ ಇರಲೇಬೇಕು ಅಂತ ಹೊರಗಿನವರು ಅಂದ್ಕೊಂಡಿರ್ತಾರೆ, ಅದಕ್ಕೆ ನಾವ್ಯಾಕೆ ತಲೆ ಬಾಗಿಸ್ಬೇಕು? ಡೊಳ್ಳು ತೆಗೆದಿಟ್ಟು ಡ್ರಮ್ ಕಿಟ್ ಮೇಲೆ ಗಮನ ಕೊಡಿ ಅಂತ ನನ್ನ ಸಲಹೆ.

ಹಳೇ ಕ್ಯಾಸೆಟ್

ಕ್ರಿಪ್ಟೋಸ್ ಬಗ್ಗೆ ಹೇಳಿದ್ದು ಒಪ್ತೀನಿ. ಆದ್ರೆ ಈ ಹುಡುಗ ಡೊಳ್ಳನ್ನ ಹೊರಗಿನವರನ್ನ ಮೆಚ್ಚಿಸೋಕೆ ತಂದಿದ್ದಲ್ಲ, ಡ್ರಮ್ ಕಿಟ್‌ಗೆ ದುಡ್ಡಿಲ್ಲ ಅಂತ ತಂದಿದ್ದು. ಇನ್ನೊಂದ್ಸಲ ಓದಿ.

ಪಂಚೆ ಅಂದ್ರಲ್ಲ, ರಘು ದೀಕ್ಷಿತ್ ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟೋದು ಫ್ಯಾಶನ್ ಶೋಗಲ್ಲ. ಆತ ಮೈಸೂರಲ್ಲಿ ಕಲಿತಿದ್ದು ಭರತನಾಟ್ಯ. ಗಿಟಾರ್ ಹಿಡಿದಿದ್ದು ಕಾಲೇಜಲ್ಲಿ, ಸಹಪಾಠಿಯೊಬ್ಬ ಕೆಣಕಿದ ಅಂತ ಪಂತಕ್ಕೆ ಬಿದ್ದು. ಗೆಜ್ಜೆ ಅವರ ಕಾಲಲ್ಲಿ ಗಿಟಾರಿಗಿಂತ ಮೊದಲಿಂದ ಇತ್ತು. ಮೊದಲು ಅಂತರಾಗ್ನಿ ಅಂತ ಬ್ಯಾಂಡ್, ಆಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್. ಆಲ್ಬಂ ಹೊರಬಂದಿದ್ದು 2008ರಲ್ಲಿ, ಅದೂ ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಕೈ ಹಿಡಿದ ಮೇಲೆ. ಅಲ್ಲಿವರೆಗೆ ಅದೇ ಹಾಡುಗಳನ್ನ ವರ್ಷಗಟ್ಟಲೆ ಊರೂರು ಹಾಡಿ ಹಾಡಿ ಉಜ್ಜಿದ್ರು. ನೀವು ಕೇಳೋ ಆ ಸೌಂಡ್‌ಗೆ ಅಷ್ಟು ವರ್ಷದ ಸವೆತ ಇದೆ.

ಬಿಬಿಸಿ ಕಂಡವಳು (ಲೀಡ್ಸ್)

ಇಲ್ಲಿ ಒಂದು ಮಾತು ಸೇರಿಸ್ತೀನಿ. 2010ರಲ್ಲಿ ರಘು ದೀಕ್ಷಿತ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮಕ್ಕೆ ಬಂದಿದ್ರಲ್ಲ, ಆವಾಗ ನಾನು ಇಲ್ಲಿ ಮೂರು ಜನ ಬ್ರಿಟಿಷ್ ಹುಡುಗಿಯರ ಜತೆ ಮನೆ ಹಂಚಿಕೊಂಡಿದ್ದೆ. ಒಂದಕ್ಷರ ಅರ್ಥ ಆಗದೆ ಮೂವರೂ ಸೋಫಾ ಮೇಲೆ ಕುಣಿದ್ರು. ಅರ್ಥ ಆಗೋ ನಾನೊಬ್ಬಳು ಅಳ್ತಾ ಕೂತಿದ್ದೆ. ರಾಕೋ ಅಲ್ಲವೋ ನನಗೆ ಗೊತ್ತಿಲ್ಲ.

ಕಾಳಿ ಒಂದು (ಹುಬ್ಬಳ್ಳಿ)

ಡಬಲ್ ಪೆಡಲ್ ಅವರ, ಡೊಳ್ಳು ತೆಗೆದಿಡ್ರಿ ಅಂತ ಭಾಳ ಸಸಾರ ಹೇಳಿಬಿಟ್ರಲ್ರೀ. ನಮ್ಮ ಕಡೆ ಹೋಳಿ ಹುಣ್ಣಿವಿಗೆ ಬರ್ರಿ ಒಮ್ಮೆ. ಜಗ್ಗಲಿಗಿ ಅಂತ ಇರ್ತದ, ಚಕ್ಕಡಿ ಗಾಲಿಯ ಪಟ್ಟಿಗೆ ಎಮ್ಮಿ ಚರ್ಮ ಬಿಗಿದಿರ್ತಾರ, ಆಳೆತ್ತರದ್ದು. ಅದನ್ನ ಉರುಳಿಸ್ಕೋತ ಬಡಕೋತ ಹೊಂಟ್ರ ನಿಮ್ಮ ಡಬಲ್ ಪೆಡಲ್ ಬಾಯಿ ಮುಚ್ಕೊಂಡು ಕೂಡ್ತದ.

ಇರ್ಲಿ. ಗೋಣಿಚೀಲ, ನಾ ಹಿಂದೂಸ್ತಾನಿ ಕಲ್ತಾವ, ಗಿಟಾರ್ ಆಮ್ಯಾಲೆ ಬಂತು. ನಿನಗ ಎರಡ ಮಾತು.

ಒಂದನೇದು ಶ್ರುತಿ. ನೀ ಹಾಡು ಯಾವ ಶ್ರುತಿಗೆ ಇಟ್ಕೊಂಡೀ? ಖರೇ ಹೇಳು, ಇ (E) ಅಲ್ಲ? ಯಾಕಂದ್ರ ಗಿಟಾರಿನ ದಪ್ಪ ತಂತಿ ಇ ಅದ, ಕೈಗೆ ಸಸಾರ. ಆದ್ರ ಅದು ಗಿಟಾರಿಗೆ ಸಸಾರ, ನಿನ್ನ ಗಂಟಲಿಗಲ್ಲ. ಇ ಅಂದ್ರ ಕರ್ನಾಟಕ ಸಂಗೀತದವರ ಲೆಕ್ಕದಾಗ ಮೂರು ಮನಿ, ಅಂದ್ರ ಮೂರನೇ ಶ್ರುತಿ. ಸಾಮಾನ್ಯ ಗಂಡಸರ ಕಂಠ ನಿಲ್ಲೂದು ಒಂದು, ಒಂದೂವರಿ ಮನಿಗೆ. ಆ ಒಂದೂವರಿಗೆ ನಾವು ಕಾಳಿ ಒಂದು ಅಂತೀವಿ, ಗಿಟಾರಿನವರು ಸಿ ಶಾರ್ಪ್ ಅಂತಾರ. ಮೂರು ಮನಿಯೊಳಗ ಮ್ಯಾಲಿನ ಪಂಚಮ ಹತ್ತಾಕ ಹೋದ್ರ ಯಾರಾದ್ರೂ ಒದರಲಿಕ್ಕೇ ಬೇಕು. ಒದರಿದ್ರ ಮಾತು ಹೋಗ್ತದ, ಬರೇ ದನಿ ಉಳೀತದ. ಅದಕ್ಕ ನಿಮಗ ಇಂಗ್ಲಿಷ್ ತುರುಕಿದಂಗ ಅಂದಾರ.

ಉಪಾಯ ಭಾಳ ಅದಾವ. ನಾಕನೇ ಪಟ್ಟಿಗೆ ಕೇಪೋ, ಅಂದ್ರ ತಂತಿ ಒತ್ತಿ ಹಿಡಿಯೂ ಕ್ಲಿಪ್ಪು, ಹಾಕಿ ಎ ಹಿಡಿತದಾಗ ನುಡಿಸು, ಸಿ ಶಾರ್ಪ್ ಬರ್ತದ. ಇಲ್ಲಂದ್ರ ಎಲ್ಲಾ ತಂತಿ ಮೂರು ಅರ್ಧಸ್ವರ ಇಳಿಸು, ದಪ್ಪ ಗೇಜಿನ ತಂತಿ ಹಾಕು. ಮೆಟಲ್ ಮಂದಿ ಮಾಡೂದು ಇದನ್ನ. ಅವರು ಭಾರ ಬೇಕಂತ ಇಳಿಸ್ತಾರ, ನೀ ಗಂಟಲಿಗೆ ಬೇಕಂತ ಇಳಿಸು, ಭಾರ ಪುಕ್ಕಟೆ ಬರ್ತದ.

ಎರಡನೇದು ರಾಗ. ಗಿಟಾರ್ ಕಲಿಯಾವರು ಮೊದಲಿಗೆ ಬಾಯಿಪಾಠ ಮಾಡೂ ಮೈನರ್ ಪೆಂಟಟೋನಿಕ್ ಏನದಲ್ಲ, ಸ ಗ ಮ ಪ ನಿ, ಅದು ನಮ್ಮ ಧಾನಿ ರಾಗದ ಸ್ವರ, ನಿಮ್ಮ ಶುದ್ಧ ಧನ್ಯಾಸಿ. ಎಲ್ಲಾ ಬ್ಲೂಸ್, ಎಲ್ಲಾ ರಾಕ್ ಅದರ ಮ್ಯಾಲೆ ನಿಂತದ. ಅಂದ್ರ ನಿನ್ನ ಲೀಡ್ ಹುಡುಗ ಗೊತ್ತಿಲ್ಲದ ಅರ್ಧ ದಾರಿ ಬಂದಾನ. ಅಂವ ಸ್ವರ ಬಿಡಿ ಬಿಡಿ ಚುಚ್ಚೂದು ಬಿಟ್ಟು ಗಾಂಧಾರಕ್ಕ, ನಿಷಾದಕ್ಕ ತಂತಿ ಎಳದು ಜಾರಿಸಿದ್ರ ಸಾಕು, ನಮ್ಮ ಊರಿನ ವಾಸನಿ ಬರ್ತದ.

ಆದ್ರ ಮಾಲಕಂಸ, ಅಂದ್ರ ನಿಮ್ಮ ಹಿಂದೋಳ, ಹಿಡಿದ್ರ ಹುಷಾರು. ಅದಕ್ಕ ಪಂಚಮ ಇಲ್ಲ. ರಾಕ್ ಗಿಟಾರಿನ ಪವರ್ ಕಾರ್ಡ್ ಅಂದ್ರ ಸಾ ಮತ್ತ ಪಾ. ಒಂದ ಸರ್ತಿ ಗುಮ್ಮಿದ್ರ ರಾಗ ಸತ್ತು ಹೋಗ್ತದ. ನಾವು ಮಾಲಕಂಸಕ್ಕ ತಾನಪುರಾದ ತಂತಿ ಪಂಚಮ ಬಿಟ್ಟು ಮಧ್ಯಮಕ್ಕ ಹಚ್ಚತೀವಿ. ನೀನೂ ಹಂಗ, ಸಾ-ಮಾ ಕೂಡಿಸಿ ಹಿಡಿ. ಕಿವಿ ನೆಟ್ಟಗಾಗ್ತಾವ.

ಡಬಲ್ ಪೆಡಲ್

ಜಗ್ಗಲಿಗೆ ವಿಡಿಯೋ ನೋಡಿದೆ. ಸೋತೆ. ಆದ್ರೆ ತಂತಿ ಇಳಿಸೋದು ಬರೀ ಭಾರಕ್ಕೆ ಅಲ್ಲ ಸಾರ್, ನಮ್ಮಲ್ಲೂ ಅರ್ಧ ಜನ ಹಾಡೋನ ಗಂಟಲು ಹೋಯ್ತು ಅಂತಲೇ ಇಳಿಸೋದು. ಹೊರಗೆ ಹೇಳಲ್ಲ ಅಷ್ಟೆ.

ಗೋಣಿಚೀಲ

ಕಾಳಿ ಒಂದು ಸರ್, ಇ ಅಂತ ಹೇಗೆ ಗೊತ್ತಾಯ್ತು ನಿಮಗೆ! ಮೂರೂ ಹಾಡು ಇ.

ರೆಕಾರ್ಡಿಂಗ್ ಹಾಕೋಕೆ ನಾಚಿಕೆ. ಸದ್ಯಕ್ಕೆ ಸಾಹಿತ್ಯ ಹಾಕ್ತೀನಿ, ನಾನೇ ಬರೆದಿದ್ದು.

ಮುಗಿಲ ಬಾಗಿಲು ತೆರೆದುಕೊಂಡಿದೆ
ಹಗಲ ದೀಪಕೆ ಎಣ್ಣೆ ಇಲ್ಲದೆ

ಇದನ್ನ ನಾಲ್ಕು ನಾಲ್ಕರ ಬೀಟ್‌ಗೆ ಹಾಡೋದು. "ಮುಗಿಲಾಆ ಬಾಗಿಲು, ತೆರೆದೂಊ ಕೊಂಡಿದೆ" ಅಂತ.

ಮಾತ್ರಾಗಣ (ಹಾಸನ)

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ರಾಕ್ ಸಂಗೀತ ನನ್ನ ಮಗ ಬಾಗಿಲು ಹಾಕಿಕೊಂಡು ಕೇಳುವುದು, ನಾನು ಆಚೆಯಿಂದ ಕೇಳಿಸಿಕೊಳ್ಳುವುದು, ಅಷ್ಟೇ ಸಂಬಂಧ. ಈ ಚರ್ಚೆಯನ್ನೂ ಅವನೇ ತೋರಿಸಿದ. ಆದರೆ ನಿಮ್ಮ ಎರಡು ಸಾಲು ನೋಡಿ ಸುಮ್ಮನಿರಲಾಗಲಿಲ್ಲ.

ಮಾತ್ರೆ ಹಾಕಿ ನೋಡಿ. ಮುಗಿಲ, ಮೂರು. ಬಾಗಿಲು, ನಾಲ್ಕು. ತೆರೆದು, ಮೂರು. ಕೊಂಡಿದೆ, ನಾಲ್ಕು. ಮುಂದಿನ ಸಾಲು: ಹಗಲ, ಮೂರು. ದೀಪಕೆ, ನಾಲ್ಕು. ಎಣ್ಣೆ, ಮೂರು. ಇಲ್ಲದೆ, ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು. ಇದು ಭಾಮಿನೀ ಷಟ್ಪದಿಯ ನಡೆ, ಕುಮಾರವ್ಯಾಸ ತನ್ನ ಭಾರತವನ್ನೆಲ್ಲ ಓಡಿಸಿದ ನಡೆ. ನೀವು ಲೆಕ್ಕ ಹಾಕಿ ಬರೆದಿರಲಾರಿರಿ, ಶಾಲೆಯಲ್ಲಿ ರಾಗವಾಗಿ ಓದಿಸಿದ್ದು ಕಿವಿಯಲ್ಲಿ ಕುಳಿತು ಕೈಗೆ ಬಂದಿದೆ. ಅಷ್ಟೇ ಅಲ್ಲ, ಎರಡೂ ಸಾಲಿನ ಎರಡನೆಯ ಅಕ್ಷರ ಗಕಾರ. ಆದಿಪ್ರಾಸ ಕೂಡ ತಾನಾಗಿ ಬಿದ್ದಿದೆ.

ಏಳು ಮಾತ್ರೆಯ ಮಾತನ್ನು ನೀವು ಎಂಟರ ತಾಳಕ್ಕೆ ಎಳೆಯುತ್ತಿದ್ದೀರಿ. ಮೂರು ಮಾತ್ರೆಯ ಗಣವನ್ನು ನಾಲ್ಕು ಮಾಡಲು 'ಮುಗಿಲಾ', 'ತೆರೆದೂ' ಎಂದು ಕೊನೆಯ ಸ್ವರವನ್ನು ಜಗ್ಗಬೇಕಾಗಿದೆ. ಕನ್ನಡದಲ್ಲಿ ಹ್ರಸ್ವ ದೀರ್ಘ ಅದಲುಬದಲಾದರೆ ಕಿವಿಗೆ ಅದು ಪರಭಾಷೆಯಂತೆ ಕೇಳುತ್ತದೆ. ನಿಮ್ಮ ಸ್ನೇಹಿತರ ಸಹಪಾಠಿಗೆ ಕೇಳಿಸಿದ್ದು ಅದೇ. ಬೀಟನ್ನೇ ಏಳಕ್ಕೆ ಇಳಿಸಿದರೆ? ತಕಿಟ ತಕಧಿಮಿ, ತಕಿಟ ತಕಧಿಮಿ. ಏಳರ ಲೆಕ್ಕ ರಾಕ್ ಸಂಗೀತದಲ್ಲಿಯೂ ಉಂಟಂತೆ, ಮಗ ಹೇಳಿದ. ಅವನು ಅದನ್ನು ಬಹಳ ಕಷ್ಟದ್ದು ಎಂದು ಭಾವಿಸಿದ್ದ. ನಮ್ಮಜ್ಜಿ ಅಕ್ಕಿ ಆರಿಸುತ್ತ ಹೇಳುತ್ತಿದ್ದರು.

ಇನ್ನೂ ಒಂದು. ಇಂಗ್ಲಿಷ್ ಹಾಡಿನ ಸಾಲು ಎಷ್ಟೋ ಸಲ ತಾಳದ ಪೆಟ್ಟಿಗಿಂತ ತುಸು ಮೊದಲೇ ಹೊರಡುತ್ತದೆ, ಒಂದೆರಡು ಸಣ್ಣ ಪದ ಮುಂದೆ ಕಳಿಸಿ ದೊಡ್ಡ ಪದವನ್ನು ಪೆಟ್ಟಿನ ಮೇಲೆ ಕೂರಿಸುತ್ತಾರೆ. ಸಂಗೀತದವರು ಇದನ್ನು ಅತೀತ ಎನ್ನುತ್ತಾರೆ. ಕನ್ನಡ ಪದದ ತೂಕ ಮೊದಲ ಅಕ್ಷರದಲ್ಲಿದೆ, ಅಂಥ ಸಣ್ಣ ಪದಗಳು ನಮ್ಮಲ್ಲಿ ಮುಂದೆ ಬರುವುದಿಲ್ಲ, ಪ್ರತ್ಯಯವಾಗಿ ಹಿಂದೆ ಅಂಟುತ್ತವೆ. ಆದ್ದರಿಂದ ಪೆಟ್ಟಿನ ಮೇಲೆಯೇ ಎತ್ತಿಕೊಳ್ಳಿ, ಇಲ್ಲವೇ ಪೆಟ್ಟು ಬಿದ್ದ ಮೇಲೆ, ಅನಾಗತದಲ್ಲಿ.

ಕಾಳಿ ಒಂದು

ಅಕ್ಕಾರ, ನಿಮ್ಮ ಮಗ ಭಾಳ ನಸೀಬವಾನ ಇದ್ದಾನ.

ಪಿಕ್ ಕಳಕೊಂಡವ

ನಾನು ಮೂರು ತಿಂಗಳಿಂದ ಏಳರ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಒಂದನ್ನ ಒಂದು ಎರಡು ಮೂರು ಅಂತ ಎಣಿಸ್ಕೊಂಡು ಒದ್ದಾಡ್ತಿದ್ದೆ. ಈಗ ಭಾಮಿನಿ ಹೇಳ್ಕೊಂಡು ನುಡಿಸಿದೆ, ಎರಡೇ ಸಲಕ್ಕೆ ಕೂತುಬಿಡ್ತು. ಪೆಡಲ್ ಸಲಹೆ ವಾಪಸ್ ತಗೊಂಡಿದೀನಿ.

ಮೇಡಂ, ಆದಿಪ್ರಾಸದ ಅಕ್ಷರದ ಮೇಲೆ ಗಿಟಾರ್, ಬೇಸ್, ಡ್ರಮ್ ಮೂರೂ ಒಟ್ಟಿಗೆ ಗುದ್ದಿದ್ರೆ ಹೇಗಿರುತ್ತೆ? ಮು-ಗಿ, ಹ-ಗ. ಎರಡನೇ ಮಾತ್ರೆ ಮೇಲೆ. ಕೇಳೋರಿಗೆ ಎಲ್ಲೋ ಎಡವಿದ ಹಾಗೆ ಅನ್ಸುತ್ತೆ, ಆದ್ರೆ ಪ್ರತಿ ಸಾಲಲ್ಲೂ ಅಲ್ಲೇ ಎಡವುತ್ತೆ.

ಮಾತ್ರಾಗಣ

ಕೇಳಲು ಕುತೂಹಲವಿದೆ. ಪಂಪನ ಕಾಲದಿಂದ ಆ ಅಕ್ಷರ ಅಲ್ಲಿ ಕಾಯುತ್ತಿದೆ, ಡ್ರಮ್ ಬಾರಿಸುವವರು ಯಾರೂ ಬಂದಿರಲಿಲ್ಲ.

ಫೇಡರ್ (ಮಂಗಳೂರು)

ನಾನು ಲೈವ್ ಸೌಂಡ್ ಮಾಡುವವಳು, ಹನ್ನೊಂದು ವರ್ಷ ಆಯ್ತು. ಮಿಕ್ಸರ್ ಹಿಂದೆ ನಿಂತವಳಿಗೆ ಕಾಣುವುದನ್ನು ಹೇಳ್ತೇನೆ. ಇವರ ಮುಖ್ಯ ಸಮಸ್ಯೆ ನನಗೆ ಮೊದಲ ಪೋಸ್ಟಿನಲ್ಲೇ ಕಂಡಿತು ಮಾರಾಯ್ರೆ. ಕಿಕ್, ಡೊಳ್ಳು, ಬೇಸ್ ಗಿಟಾರ್, ಮೂರೂ ಒಂದೇ ಕೋಣೆಯಲ್ಲಿ ಮಲಗಿವೆ.

ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಜ್. ಕಿಕ್ ಡ್ರಮ್ಮಿನ ಹೊಟ್ಟೆ 60ರಿಂದ 100ರ ಒಳಗೆ. ಡೊಳ್ಳಿನ ದಪ್ಪ ಬದಿ ಕೂಡ ಅಲ್ಲೇ ಸುತ್ತಮುತ್ತ. ಮೂರೂ ಒಂದೇ ಪೆಟ್ಟಿಗೆ ಬಿದ್ದರೆ ಕೇಳುವುದು ಗುಡುಗಲ್ಲ, ಕೆಸರು. ಮಿಕ್ಸರಿನಲ್ಲಿ ಎಷ್ಟು ಈಕ್ಯೂ ಮಾಡಿದರೂ, ಅಂದರೆ ದಪ್ಪ-ತೆಳು ಸ್ವರ ಹೆಚ್ಚುಕಡಿಮೆ ಮಾಡಿದರೂ, ನಾನು ಅದನ್ನು ಸರಿಮಾಡಲಿಕ್ಕೆ ಆಗುವುದಿಲ್ಲ, ಹಾಡು ಕಟ್ಟುವಾಗಲೇ ಆಗಬೇಕು. ಡೊಳ್ಳು ಇರುವ ಕಡೆ ಕಿಕ್ ಬೇಡ. ಬೇಸ್ ಅಣ್ಣನಿಗೆ ಹೇಳಿ, ಡೊಳ್ಳು ಬೀಳುವ ಪೆಟ್ಟಿನಲ್ಲಿ ಸುಮ್ಮನಿದ್ದು ಅದರ ಬೆನ್ನಿಗೆ ನುಡಿಸಲಿ.

ಡೊಳ್ಳಿಗೆ ಎರಡು ಮೈಕ್ ಇಡಿ, ಕೋಲಿನ ಬದಿಗೊಂದು, ಅಂಗೈ ಬದಿಗೊಂದು. ಇಟ್ಟ ಮೇಲೆ ಮಿಕ್ಸರಿನ ಗುಂಡಿ ಒತ್ತಿ ಒಂದರ ಪೊಲಾರಿಟಿ, ಅಂದರೆ ಅಲೆಯ ಏರಿಳಿತ, ತಿರುಗಿಸಿ ಕೇಳಿ. ಒಂದು ಚರ್ಮ ಒಳಗೆ ಹೋಗುವಾಗ ಇನ್ನೊಂದು ಹೊರಗೆ ಬರುತ್ತದೆ, ಹಾಗಾಗಿ ಎರಡು ಮೈಕ್ ಒಂದನ್ನೊಂದು ತಿಂದು ಹಾಕ್ತವೆ, ಡೊಳ್ಳು ರಟ್ಟಿನ ಡಬ್ಬದ ಹಾಗೆ ಕೇಳ್ತದೆ. ಗುಂಡಿ ಒತ್ತಿದ ಕೂಡಲೇ ಹೊಟ್ಟೆ ವಾಪಸ್ ಬರ್ತದೆ.

ಮಾತು ಕೇಳಬೇಕಾದರೆ ಇನ್ನೊಂದು. ಕನ್ನಡದ ವ್ಯಂಜನ, ಒತ್ತಕ್ಷರ ಸ್ಪಷ್ಟವಾಗುವುದು 2ರಿಂದ 4 ಕಿಲೋಹರ್ಟ್ಜ್ ಒಳಗೆ. ಡಿಸ್ಟಾರ್ಷನ್ ಗಿಟಾರ್ ಕೂಡ ಕಾಲು ಚಾಚಿ ಕೂರುವುದು ಅಲ್ಲೇ. ಎರಡು ಗಿಟಾರ್ ಇದ್ದರೆ ಹಾಡುವಾಗ ಒಂದು ಕೈ ಕಟ್ಟಿ ನಿಲ್ಲಲಿ. ಸ್ವರಾತ್ಮದ ಲೈವ್ ಗಮನಿಸಿ ನೋಡಿ, ಸಂಜೀವ್ ನಾಯಕ್ ಅವರ ಪಿಟೀಲು ಮತ್ತು ವರುಣ್ ಮುರಳಿಯವರ ಗಿಟಾರ್ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡ್ತಾರೆ, ವಾಸು ದೀಕ್ಷಿತ್ ಹಾಡುವ ಪ್ರತಿ ಅಕ್ಷರ ಹಿಂದಿನ ಸಾಲಿಗೆ ಮುಟ್ಟುತ್ತದೆ.

ಪಿಟೀಲು ಅಂದ ಕೂಡಲೇ ನೆನಪಾಯ್ತು. ಮೈಸೂರಿನ ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಸಭೆಯ ಹಿಂದಿನವರಿಗೂ ಕೇಳಲಿ ಅಂತ. ಮೈಕ್ ಸರಿ ಇಲ್ಲದ ಕಾಲ. ಅವರೇ ನಮ್ಮ ಮೊದಲ ಆಂಪ್ಲಿಫೈಯರ್ ಅಂತ ನಾನು ಹೊಸ ಹುಡುಗರಿಗೆ ಹೇಳುವುದುಂಟು.

ಗೋಣಿಚೀಲ

ಫೇಡರ್ ಅಕ್ಕ, ಕೆಸರು ಅನ್ನೋ ಮಾತು ಕೇಳಿ ಬೇಸ್ ಅಣ್ಣ ಕುರ್ಚಿಯಿಂದ ಎದ್ದೇಬಿಟ್ರು. ಎಂಟು ತಿಂಗಳಿಂದ ಅವರು ಅದನ್ನೇ ಹೇಳ್ತಿದ್ರಂತೆ, ನಾವು ಆಂಪ್ಲಿಫೈಯರ್ ಸರಿ ಇಲ್ಲ ಅಂತಿದ್ವಿ.

ಚರ್ಮದ ವಿಷಯ ಬಂತಲ್ಲ, ಒಂದು ಕಥೆ. ಜುಲೈನಲ್ಲಿ ಒಂದು ಕಾಲೇಜು ಹಬ್ಬದಲ್ಲಿ ನುಡಿಸೋಕೆ ಕರೆದಿದ್ರು, ಯಾವುದು ಅಂತ ಬೇಡ. ನಮ್ಮ ಮಳೆಗಾಲ ಗೊತ್ತಲ್ಲ. ಡೊಳ್ಳಿನ ಚರ್ಮ ನೆನೆದ ಹಪ್ಪಳ ಆಗಿತ್ತು, ಹಗ್ಗ ಎಷ್ಟು ಬಿಗಿದ್ರೂ ದಪ್ ಅಂತಿತ್ತು. ನಮ್ಮವನು ಅಭ್ಯಾಸಬಲದಿಂದ ವೇದಿಕೆ ಹಿಂದೆ ಪೇಪರ್ ಗುಡ್ಡೆ ಹಾಕಿ ಬೆಂಕಿ ಹಚ್ಚಿ ಕಾಯಿಸೋಕೆ ಹೊರಟ. ಸೆಕ್ಯೂರಿಟಿಯವರು ಓಡಿ ಬಂದು ಬಕೆಟ್ ನೀರು ಸುರಿದ್ರು, ಬೆಂಕಿಗೂ, ಡೊಳ್ಳಿಗೂ. ಕೊನೆಗೆ ಶಾಮಿಯಾನದವರ ಹ್ಯಾಲೋಜೆನ್ ಲ್ಯಾಂಪ್ ಇಸ್ಕೊಂಡು ಅದರ ಮುಂದೆ ಡೊಳ್ಳನ್ನ ಮಗು ಹಿಡ್ಕೊಂಡ ಹಾಗೆ ಹಿಡ್ಕೊಂಡು ಇಪ್ಪತ್ತು ನಿಮಿಷ ಕೂತ. ನಮಗೆ ಕೊಟ್ಟಿದ್ದೇ ಹದಿನೈದು ನಿಮಿಷ. ಸೌಂಡಿನವರು ನನ್ನ ದನಿಗೆ ಎಕೋ ಹಾಕಿದ್ದು ತೆಗೆಯೋದೇ ಮರೆತ್ರು, "ಮುಗಿಲ ಮುಗಿಲ ಮುಗಿಲ" ಅಂತ ಮೂರು ಸಲ ಕೇಳ್ತಿತ್ತು. ಆಮೇಲೆ ಡಿಜೆ ಬಂದ, ಜನ ಖುಷಿಯಾದ್ರು.

ಇನ್ನೊಂದು ಪ್ರಶ್ನೆ. ನಾಲ್ಕನೇ ಹಾಡಿಗೆ ಬೇಂದ್ರೆಯವರ ಕವಿತೆ ಒಂದನ್ನ ತಗೊಳ್ಳೋಣ ಅಂತಿದೀವಿ. ಯೂಟ್ಯೂಬಲ್ಲಿ ಹಾಕಿದ್ರೆ ತೊಂದ್ರೆ ಇದೆಯಾ?

ಕರಿಕೋಟು (ಮೈಸೂರು)

ಇದೆ. ಕವಿ ತೀರಿಕೊಂಡ ಮುಂದಿನ ವರ್ಷದ ಮೊದಲ ದಿನದಿಂದ 60 ವರ್ಷ ಹಕ್ಕು ಇರುತ್ತೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ, ಆದ್ದರಿಂದ 2041 ಮುಗಿಯೋವರೆಗೆ ವಾರಸುದಾರರ ಅನುಮತಿ ಬೇಕು. ಕುವೆಂಪು 1994, ಅಂದ್ರೆ 2054. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ ಇವೆಲ್ಲ ಯಾರು ಬೇಕಾದ್ರೂ ಹಾಡಬಹುದು. ಶರೀಫರು ಹೋಗಿದ್ದು 1889ರಲ್ಲಿ.

ಆದ್ರೆ ಎಡವೋದು ಇಲ್ಲೇ. ಸಾಹಿತ್ಯ ಬಿಡುಗಡೆ ಆಗಿದ್ರೂ ಧಾಟಿ ಬೇರೆಯವರದ್ದು ಇರಬಹುದು. ಶರೀಫರ ಪದ ಅಂದ ಕೂಡಲೇ ನಮ್ಮೆಲ್ಲರ ಬಾಯಿಗೆ ಬರೋದು ಸಿ. ಅಶ್ವಥ್ ಅವರ ಧಾಟಿ. ಅವರು 2009ರಲ್ಲಿ ಹೋದ್ರು, ಅವರ ಸ್ವಂತ ಸಂಯೋಜನೆಗೆ 2069ರವರೆಗೆ ಹಕ್ಕಿದೆ. ಪದ ಮಾತ್ರ ತಗೊಳ್ಳಿ, ಧಾಟಿ ನೀವೇ ಹಾಕಿ. ರಘು ದೀಕ್ಷಿತ್ ಶರೀಫರ ಪದಗಳಿಗೆ ಮಾಡಿದ್ದೂ ಅದೇ, ತಮ್ಮದೇ ಧಾಟಿ. ಕಾನೂನು ಬದಿಗಿಟ್ಟರೂ ಅದು ನಿಮಗೇ ಒಳ್ಳೇದು.

ಹಳೇ ಕ್ಯಾಸೆಟ್

ಸ್ವರಾತ್ಮದ ಬಗ್ಗೆ ಕೇಳಿದ್ರಿ, ಯಾರೂ ಪೂರ್ತಿ ಹೇಳ್ಲಿಲ್ಲ. 2002ರ ಹೊತ್ತಿಗೆ ಶುರು. 2006ರಲ್ಲಿ ರೇಡಿಯೋ ಸಿಟಿ ಸ್ಪರ್ಧೆ ಗೆದ್ರು. ಮೊದಲ ಆಲ್ಬಂ ಬಂದಿದ್ದು 2009ಕ್ಕೆ, ಆಮೇಲೆ 2012, 2018. ವರ್ಷಗಳ ಮಧ್ಯದ ಅಂತರ ನೋಡಿ. ಕಾವೇರಿ ನೀರಿನ ಜಗಳದ ಮೇಲೆ ಹಾಡು ಮಾಡಿದವರು, ವೇದಿಕೆಗೆ ಕೀಲುಕುದುರೆ ಕಟ್ಕೊಂಡು ಬಂದವರು. ಆ ಕುದುರೆ ನೋಡಿ ಮೊದಲ ಸಲ ನಾನು ನಕ್ಕೆ. ಎರಡನೇ ಸಲ ನೋಡಿದಾಗ, ಕೆಳಗೆ ನಿಂತ ಐಟಿ ಹುಡುಗರು ಜಾತ್ರೆಗೆ ಬಂದ ಮಕ್ಕಳ ಹಾಗೆ ದಾರಿ ಬಿಡ್ತಿದ್ರು. ಅವತ್ತು ನಗು ಬರಲಿಲ್ಲ.

ಇನ್ನು ಬೆಂಗಳೂರಿಗೆ ಬಂದು ಪಬ್‌ನಲ್ಲಿ ನುಡಿಸ್ತೀವಿ ಅಂತ ಕನಸಿದ್ರೆ ಮೊದಲೇ ಜಾಗ ವಿಚಾರಿಸಿ. ಸಾರ್ವಜನಿಕ ಮನರಂಜನೆಗೆ ಪೊಲೀಸ್ ಲೈಸೆನ್ಸ್ ಬೇಕು ಅನ್ನೋ 2005ರ ಆದೇಶವನ್ನ 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಕಡೆ ಲೈವ್ ಸಂಗೀತ ನಿಂತೇಹೋಯ್ತು. ರಾತ್ರಿ ಹತ್ತು ಗಂಟೆ ಮೇಲೆ ಬಯಲಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಈ ಲೆಕ್ಕದಲ್ಲಿ ನಿಮ್ಮ ಗೋದಾಮೇ ಸ್ವರ್ಗ.

ಗೋಣಿಚೀಲ (ಮೂರು ವಾರದ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಏನಾಯ್ತು ಅಂತ ಹೇಳೋಣ ಅಂತ ಬಂದೆ.

ಗಿಟಾರ್ ತಂತಿ ಮೂರು ಅರ್ಧಸ್ವರ ಇಳಿಸಿದ್ವಿ. ದಪ್ಪ ತಂತಿ ಇಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ಬಸ್ಸಲ್ಲಿ ಬಂತು, ಕಳಿಸಿದವರು ಯಾರು ಅಂತ ಅವರಿಗೆ ಗೊತ್ತು. ಮೊದಲ ದಿನ ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸ್ತು, ಅಮ್ಮನ ಹತ್ತಿರ ಮಾತಾಡೋ ದನಿ ಅದು, ಹಾಡೋ ದನಿ ಅಲ್ಲ. ಈಗ ಅದರಲ್ಲೇ ಹಾಡ್ತಿದೀನಿ.

ಏಳರ ಲೆಕ್ಕ ನಾವು ಮೂವರಿಗೆ ಎರಡು ದಿನ ಕೈಗೆ ಹತ್ತಲಿಲ್ಲ. ಕಾಲು ನಾಲ್ಕಕ್ಕೆ ಬಡ್ಕೊಳ್ಳುತ್ತೆ, ನಾಲಿಗೆ ಮೂರಕ್ಕೆ ಓಡುತ್ತೆ. ಡೊಳ್ಳಿನವನು ಮಾತ್ರ ಒಂದು ಸಲ ಕೇಳಿ "ಇದು ತ್ರಿವುಡೆ ಅಲ್ವಾ, ಆಟದಲ್ಲಿ ಕೇಳಿದ್ದೇ ಅಲ್ವಾ" ಅಂದ. ತ್ರಿವುಡೆ ಅಂದ್ರೆ ಯಕ್ಷಗಾನದ ಏಳರ ತಾಳ. ಅವನು ಸಣ್ಣವನಿದ್ದಾಗಿಂದ ರಾತ್ರಿಯೆಲ್ಲ ಯಕ್ಷಗಾನ ನೋಡ್ತಾ ಅಲ್ಲೇ ನಿದ್ದೆ ಮಾಡಿ ಬೆಳೆದವನು. ಎಂಟು ತಿಂಗಳಿಂದ ನಾವು ಅವನಿಗೆ ನಾಲ್ಕರ ಬೀಟ್ ಕಲಿಸ್ತಿದ್ವಿ.

ಆದಿಪ್ರಾಸದ ಮೇಲೆ ಗುದ್ದೋದು ಮಾಡಿದ್ವಿ. ಮು-ಗಿ ಅಂದಾಗ ಮೂರೂ ಒಟ್ಟಿಗೆ ಬಿದ್ರೆ ಶಟರ್ ಅದುರುತ್ತೆ. ಪಕ್ಕದ ಗೊಬ್ಬರದ ಅಂಗಡಿಯವರು ಏನೋ ಬಿತ್ತು ಅಂತ ಬಂದು ನೋಡಿದ್ರು. ಬೇಸ್ ಅಣ್ಣ ಡೊಳ್ಳಿನ ಪೆಟ್ಟಿಗೆ ಸುಮ್ಮನಿದ್ದು ಆಮೇಲೆ ನುಡಿಸ್ತಾರೆ. ಆ ಖಾಲಿ ಜಾಗ ಇದೆಯಲ್ಲ, ಅದು ಕೇಳಿಸುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಕ್ಕನಿಗೆ ಮತ್ತೆ ಕೇಳಿಸಿದೆ. "ಇದೇನೋ ಒಂಥರಾ ಇದೆ" ಅಂದ್ಲು. ಇನ್ನೊಂದ್ಸಲ ಹಾಕು ಅಂತ ಅವಳೇ ಕೇಳಿದ್ಲು.

ಒಂದೇ ತೊಡಕು. ಮಾವನವರು ಹೇಳಿ ಕಳಿಸಿದ್ದಾರೆ, ಶುಕ್ರವಾರ ಹೊಸ ಮಾಲು ಬರುತ್ತೆ, ಈ ಸಲ ಜಾಸ್ತಿ. ಅಳತೆ ಮಾಡಿ ನೋಡಿದ್ವಿ. ನಾಲ್ಕು ಜನ, ಎರಡು ಆಂಪ್ಲಿಫೈಯರ್, ಡೊಳ್ಳು ಹಿಡಿಯುತ್ತೆ. ಡ್ರಮ್ ಕಿಟ್ ಹಿಡಿಯಲ್ಲ.

ಕಾಳಿ ಒಂದು

ಛಲೋ ಆತು ಬಿಡು.

ಡಬಲ್ ಪೆಡಲ್

ಕಿಟ್ ಮಾರೋದಾದ್ರೆ ನನಗೆ ಮೆಸೇಜ್ ಮಾಡಿ. ರೆಕಾರ್ಡಿಂಗ್ ಹಾಕದೆ ಮಾತ್ರ ತಪ್ಪಿಸ್ಕೋಬೇಡಿ.